ಅಜ್ಜಿಯ ಲೆಕ್ಕದ ಸ್ವಾತಂತ್ರ್ಯ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ರ ಮೊದಲು ಶಾಲೆಯಲ್ಲಿ ನಮಗೊಂದು ಕೆಲಸ ಕೊಟ್ಟರು. ಮನೆಯ ಹಿರಿಯರನ್ನು ಮಾತಾಡಿಸಬೇಕು. ಸ್ವಾತಂತ್ರ್ಯ ಬಂದಾಗ ಅವರಿಗೆ ಎಷ್ಟು ವರ್ಷ, ಆವತ್ತು ಊರಲ್ಲಿ ಏನು ನಡೆಯಿತು ಅಂತ ಕೇಳಿ ಎರಡು ಪುಟ ಬರೆದು ತರಬೇಕು. ನನ್ನ ಅಜ್ಜಿ ಇದ್ದದ್ದು ಮೂಡುಬಿದಿರೆ ಕಡೆಯ ಹಳ್ಳಿಯಲ್ಲಿ. ಶನಿವಾರ ಮಧ್ಯಾಹ್ನ ಮಂಗಳೂರಿನಿಂದ ಬಸ್ಸು ಹತ್ತಿದೆ. ಹೊರಗೆ ಜೋರು ಮಳೆ. ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು.

"ಅಜ್ಜಿ, ಸ್ವಾತಂತ್ರ್ಯ ಬಂದಾಗ ನಿಮಗೆ ಎಷ್ಟು ವರ್ಷ?"

"ನಲ್ವತ್ತು ದಾಟಿತ್ತು ಮಗಾ."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. 1947ರಲ್ಲಿ ಅಜ್ಜಿಗೆ ಹದಿನಾರೋ ಹದಿನೇಳೋ ಇರಬೇಕು. ಹಾಗೆಂದು ಹೇಳಿದೆ. ಅಜ್ಜಿ ಕೈಯಲ್ಲಿದ್ದ ಅಡಿಕೆಯ ಸಿಪ್ಪೆ ಬಿಡಿಸಿ ಮುಗಿಸಿದರು. "ಅದು ಬಾವುಟ ಹಾರಿಸಿದ ವರ್ಷ. ನಮಗೆ ಬಂದದ್ದು ಡಿಕ್ಲರೇಷನ್ ಆದ ಮೇಲೆ," ಅಂದರು.

ಪುಸ್ತಕದಲ್ಲಿ ನಾನು 1947 ಅಂತಲೇ ಬರೆದೆ. ತಪ್ಪು ಬರೆದರೆ ಟೀಚರ್ ಬೈಯುತ್ತಾರೆ ಎಂಬ ಹೆದರಿಕೆ. ಅಜ್ಜಿ ಹೇಳಿದ್ದೂ ಸರಿಯಾದ ಲೆಕ್ಕವೇ ಎಂದು ಗೊತ್ತಾಗಲು ನನಗೆ ತುಂಬಾ ವರ್ಷ ಬೇಕಾಯಿತು. ಪ್ರತಿ ವರ್ಷ ನೆಹರೂ ಮೈದಾನದಲ್ಲಿ ಧ್ವಜ ಏರುವಾಗ ಆ ಮಾತು ನೆನಪಾಗುತ್ತದೆ. 1947ರಲ್ಲಿ ನಿಜವಾಗಿ ಬದಲಾದದ್ದು ಏನು, ಬದಲಾಗದೆ ಉಳಿದದ್ದು ಏನು, ಉಳಿದದ್ದು ನಮ್ಮ ಕರಾವಳಿಗೆ ಯಾವಾಗ, ಹೇಗೆ ಬಂತು ಎಂಬುದನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಬಿಡಿಸಿ ಹೇಳುತ್ತೇನೆ.

ಆ ರಾತ್ರಿ ಕೈ ಬದಲಾದದ್ದು

ಮೊದಲು ಕಾನೂನಿನ ಮಾತು. ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟ ಕಾನೂನು ಪಾಸಾದದ್ದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ. ಬ್ರಿಟಿಷ್ ರಾಜನ ಒಪ್ಪಿಗೆ ಸಿಕ್ಕಿದ್ದು 1947ರ ಜುಲೈ 18ಕ್ಕೆ. ಆ ಕಾನೂನಿನ ಪ್ರಕಾರ ಆಗಸ್ಟ್ 15ರಂದು ನಾವು ಆದದ್ದು ಒಂದು 'ಡೊಮಿನಿಯನ್'. ಅಂದರೆ ನಮ್ಮ ಸರ್ಕಾರ ನಾವೇ ನಡೆಸಬಹುದು, ನಮ್ಮ ಕಾನೂನು ನಾವೇ ಮಾಡಬಹುದು, ಲಂಡನ್ ಇನ್ನು ಅಡ್ಡ ಬರುವ ಹಾಗಿಲ್ಲ. ಆದರೆ ಕಾಗದದ ಮೇಲೆ ಆರನೇ ಜಾರ್ಜ್ ಇನ್ನೂ ನಮ್ಮ ರಾಜನೇ. ಗವರ್ನರ್ ಜನರಲ್ ಕುರ್ಚಿಯಲ್ಲಿ ಮೌಂಟ್‌ಬ್ಯಾಟನ್ ಇದ್ದರು. 1948ರ ಜೂನ್‌ನಲ್ಲಿ ರಾಜಾಜಿ ಆ ಜಾಗಕ್ಕೆ ಬಂದರು.

ಮಂಗಳೂರು, ಉಡುಪಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಸೌತ್ ಕೆನರಾ ಜಿಲ್ಲೆಯಲ್ಲಿದ್ದವು. ನಮ್ಮ ರಾಜಧಾನಿ ಮದ್ರಾಸ್. ಪ್ರಾಂತ್ಯದ ಮುಖ್ಯಮಂತ್ರಿ ಓಮಂದೂರು ರಾಮಸ್ವಾಮಿ ರೆಡ್ಡಿಯಾರ್. ಗವರ್ನರ್ ಆಗಿದ್ದವರು ಆರ್ಚಿಬಾಲ್ಡ್ ನೈ ಎಂಬ ಬ್ರಿಟಿಷ್ ಅಧಿಕಾರಿ. ಆಗಸ್ಟ್ 15 ಕಳೆದು ಒಂದು ವರ್ಷ ದಾಟಿದರೂ ಅವರೇ ಮುಂದುವರಿದರು. ಮಂಗಳೂರಿನಲ್ಲಿ ಕಲೆಕ್ಟರ್ ಕಚೇರಿ, ಕೋರ್ಟು, ಪೊಲೀಸ್ ಠಾಣೆ ಎಲ್ಲ ಇದ್ದಲ್ಲೇ ಇದ್ದವು. ಪೊಲೀಸರನ್ನು ನಡೆಸುತ್ತಿದ್ದದ್ದು ಮದ್ರಾಸ್ ಪ್ರಾಂತ್ಯದ 1859ರ ಕಾನೂನು. ಅಪರಾಧಕ್ಕೆ 1860ರ ದಂಡ ಸಂಹಿತೆ. ಈ ದಂಡ ಸಂಹಿತೆ ಹೋಗಿ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದದ್ದು 2024ರ ಜುಲೈ 1ಕ್ಕೆ.

ಹಳೆಯ ಕಾನೂನುಗಳನ್ನು ಒಂದೇ ಏಟಿಗೆ ಯಾಕೆ ಕಿತ್ತು ಹಾಕಲಿಲ್ಲ ಎಂದು ಕೇಳುವವರು ಇದ್ದಾರೆ. ಸ್ವಲ್ಪ ಯೋಚಿಸಿ. ಹಾಗೆ ಮಾಡಿದ್ದರೆ ಮರುದಿನ ಬೆಳಿಗ್ಗೆ ಯಾರ ಜಾಗ ಯಾರದ್ದು ಅಂತ ತೋರಿಸಲು ಕಾಗದ ಇರುತ್ತಿರಲಿಲ್ಲ. ಸಾಲಕ್ಕೆ ಬೆಲೆ ಇಲ್ಲ, ಉಯಿಲಿಗೆ ಬೆಲೆ ಇಲ್ಲ, ಕಳ್ಳನನ್ನು ಹಿಡಿದರೂ ಯಾವ ಕಾನೂನಿನಲ್ಲಿ ವಿಚಾರಣೆ ಮಾಡುವುದು? ಆದ್ದರಿಂದ ಹೊಸತು ಬರುವ ತನಕ ಹಳತು ನಡೆಯಲಿ ಎಂದು ಇಟ್ಟುಕೊಂಡರು. ಸಂವಿಧಾನದ 372ನೇ ವಿಧಿ ಹೇಳುವುದು ಇದನ್ನೇ. ಅದು ಬೇಕಾದ ವ್ಯವಸ್ಥೆಯೇ ಆಗಿತ್ತು ಎಂದು ನನಗನಿಸುತ್ತದೆ. ಕಷ್ಟ ಆದದ್ದು ಬೇರೆ ಕಡೆ. ಹೊಸತು ಬರಲು ಎಷ್ಟು ವರ್ಷ ಹಿಡಿಯಿತು ಎಂಬುದರಲ್ಲಿ.

ರಾಜ ಎಂಬುವವನು ಕಾಗದದಿಂದಲೂ ಹೋದದ್ದು ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ಕ್ಕೆ. ಆ ಸಂವಿಧಾನದ ಮೊದಲ ಕರಡು ತಯಾರಿಸಿದವರು ನಮ್ಮ ಊರಿನವರೇ. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಗೆ ಅವರು ಸಲಹೆಗಾರರು. ತನಗೆ ಸಲ್ಲುವ ಶ್ರೇಯಸ್ಸಿನಲ್ಲಿ ಒಂದು ಪಾಲು ರಾವ್ ಅವರದ್ದು ಎಂದು ಅಂಬೇಡ್ಕರ್ ಅವರೇ 1949ರ ನವೆಂಬರ್ 25ರ ಭಾಷಣದಲ್ಲಿ ಹೇಳಿದ್ದಾರೆ. ಅದೇ ಭಾಷಣದಲ್ಲಿ ಅವರು ಇನ್ನೊಂದು ಮಾತನ್ನೂ ಎಚ್ಚರಿಸಿ ಹೇಳಿದರು. ಜನವರಿ 26ರಿಂದ ರಾಜಕೀಯದಲ್ಲಿ ನಾವೆಲ್ಲ ಸಮಾನರು, ಸಮಾಜದಲ್ಲಿ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಹಾಗೇ ಇರುತ್ತದೆ ಎಂಬ ಅರ್ಥದ ಮಾತು. ಅಜ್ಜಿ ಆ ಭಾಷಣ ಕೇಳಿದವರಲ್ಲ, ಓದಿದವರೂ ಅಲ್ಲ. ಆದರೂ ಜಗಲಿಯಲ್ಲಿ ಕೂತು ನನಗೆ ಹೇಳಿದ್ದು ಅದನ್ನೇ.

ಕನ್ನಡ ಮಾತಾಡುವವರಿಗೆಲ್ಲ 1947ರ ಆಗಸ್ಟ್ 15 ಒಂದೇ ತರ ಇರಲಿಲ್ಲ ಎಂಬುದೂ ಎಷ್ಟೋ ಜನರಿಗೆ ಗೊತ್ತಿಲ್ಲ. ಮೈಸೂರಿನಲ್ಲಿ ಜನರ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆದು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಬೀದರ್, ಕಲಬುರಗಿ, ರಾಯಚೂರಿನವರು ನಿಜಾಮನ ಕೈಯಿಂದ ಬಿಡುಗಡೆ ಆದದ್ದು 1948ರ ಸೆಪ್ಟೆಂಬರ್ 17ಕ್ಕೆ. ಮಂಗಳೂರಿನ ಎಷ್ಟೋ ಕೊಂಕಣಿ ಮನೆಗಳ ಮೂಲ ಊರಾದ ಗೋವಾಕ್ಕೆ 1961ರ ಡಿಸೆಂಬರ್ 19.

ಗೇಣಿ ಅಂದರೆ ಏನು

ಈಗ ಅಜ್ಜಿಯ ಮಾತಿಗೆ ಬರೋಣ. ಅವರದ್ದು ಗೇಣಿ ಒಕ್ಕಲಿನ ಮನೆ. ಗದ್ದೆ ಧಣಿಗಳದ್ದು, ದುಡಿಮೆ ಇವರದ್ದು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಧಣಿಗಳ ಮನೆಗೆ ಹೊತ್ತು ಹಾಕಬೇಕು. ಮುಡಿ ಅಂದರೆ ಬೈಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದ ಅಕ್ಕಿಯ ಉಂಡೆ. ಈಗಿನ ಮಕ್ಕಳು ಅದನ್ನು ನೋಡುವುದು ಮಳೆಗಾಲದ ಆಟಿ ತಿಂಗಳ ಕೂಟದ ಪ್ರದರ್ಶನದಲ್ಲಿ ಮಾತ್ರ. ಬೆಳೆ ಹೋದರೂ ಗೇಣಿ ಹೋಗುವುದಿಲ್ಲ. ಅದರ ಮೇಲೆ ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿ, ಕುಂಬಳಕಾಯಿ. ಧಣಿಗಳ ಮನೆಯಲ್ಲಿ ಮದುವೆ ಇದ್ದರೆ ಚಪ್ಪರ ಹಾಕಲು, ಪಾತ್ರೆ ತೊಳೆಯಲು ಹೋಗಬೇಕು. ಮನೆಯ ಪಕ್ಕದ ಹಲಸಿನ ಮರ ಕಡಿಯಲೂ ಒಪ್ಪಿಗೆ ಕೇಳಬೇಕಿತ್ತು ಎಂದು ಅಜ್ಜಿ ಹೇಳುತ್ತಿದ್ದರು.

ಗೇಣಿಯಲ್ಲಿ ಬಗೆಗಳು ಇದ್ದವು. ಮೂಲಗೇಣಿ ಅಂದರೆ ಶಾಶ್ವತ. ಗೇಣಿ ಎಷ್ಟು ಎಂದು ಮೊದಲೇ ಗಟ್ಟಿಯಾಗಿರುತ್ತದೆ, ಅದನ್ನು ಏರಿಸುವ ಹಾಗಿಲ್ಲ, ತಂದೆಯಿಂದ ಮಕ್ಕಳಿಗೆ ಹೋಗುತ್ತದೆ. ವಾಯಿದೆ ಗೇಣಿ ಅಂದರೆ ಇಷ್ಟು ವರ್ಷಕ್ಕೆ ಅಂತ ಅವಧಿ ಇರುವುದು. ಚಾಲಗೇಣಿ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ಗಟ್ಟಿ ಅವಧಿ ಇಲ್ಲ. ಧಣಿಗೆ ಬೇಡ ಅನಿಸಿದರೆ ಅಥವಾ ಇನ್ನೊಬ್ಬ ಒಂದು ಮುಡಿ ಜಾಸ್ತಿ ಕೊಡುತ್ತೇನೆ ಅಂದರೆ ಒಕ್ಕಲು ಜಾಗ ಬಿಟ್ಟು ಏಳಬೇಕು. ನಮ್ಮ ಅಜ್ಜನ ಮನೆಯದ್ದು ಚಾಲಗೇಣಿ.

ಈ ಪದ್ಧತಿಯನ್ನು ಬ್ರಿಟಿಷರು ಹುಟ್ಟಿಸಿದ್ದಲ್ಲ. ಅವರು ಬರುವ ಎಷ್ಟೋ ಮೊದಲೇ ಇಲ್ಲಿ ಭೂಮಿಗೆ ಒಡೆಯರಿದ್ದರು, ಗೇಣಿ ಇತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ನಮ್ಮ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಆಗಿ ಬಂದವರು ಥಾಮಸ್ ಮನ್ರೋ. ಇಲ್ಲಿ ಭೂಮಿ ಖಾಸಗಿ ಆಸ್ತಿ, ಅದಕ್ಕೆ ಹಳೆಯ ಲೆಕ್ಕ ಪತ್ರಗಳು ಇವೆ ಎಂದು ಅವರು ಮೇಲಿನವರಿಗೆ ಬರೆದರು. ಸರ್ಕಾರಕ್ಕೆ ಕಂದಾಯ ಕಟ್ಟುವ ವರ್ಗದಾರನೇ ಸರ್ಕಾರದ ಕಣ್ಣಿಗೆ ಒಡೆಯ. ಅವನ ಕೆಳಗೆ ಕೆಸರಿನಲ್ಲಿ ನಿಂತವನ ಹೆಸರು ಆ ಪುಸ್ತಕದಲ್ಲಿ ಬೇಕಾಗಿಯೇ ಇರಲಿಲ್ಲ. ಕಂದಾಯ ಸರಿಯಾಗಿ ಬಂದರೆ ಸಾಕು. ಊರಿನ ರೂಢಿಯಾಗಿದ್ದದ್ದಕ್ಕೆ ಕೋರ್ಟು, ರಿಜಿಸ್ಟ್ರಿ, ಅಮೀನರ ಬಲ ಸೇರಿದ್ದು ಹೀಗೆ. ಮೊದಲು ಒಕ್ಕಲನ್ನು ಎಬ್ಬಿಸಬೇಕಾದರೆ ಊರಿನ ಮುಖ ನೋಡಬೇಕಿತ್ತು. ಆಮೇಲೆ ಡಿಕ್ರಿ ಸಾಕು.

ಕಂದಾಯದ ಉರಿಗೆ ಜನ ಎದ್ದು ನಿಂತದ್ದೂ ಉಂಟು. 1834ರಲ್ಲಿ ಕೊಡಗನ್ನು ಕಂಪನಿ ನುಂಗಿದಾಗ ಅಮರ ಸುಳ್ಯದ ಕಡೆಯನ್ನು ಕೆನರಾಕ್ಕೆ ಸೇರಿಸಿದರು. ಕೊಡಗಿನ ಅರಸರ ಕಾಲದಲ್ಲಿ ಬೆಳೆದದ್ದನ್ನೇ ಕೊಟ್ಟು ಕಂದಾಯ ತೀರಿಸುತ್ತಿದ್ದವರಿಗೆ ಈಗ ದುಡ್ಡಿನಲ್ಲೇ ಕೊಡಿ ಎಂದರು. ದುಡ್ಡು ಎಲ್ಲಿಂದ ತರುವುದು? ಸಾಲ ಮಾಡಬೇಕು, ಇಲ್ಲವೇ ಸಿಕ್ಕಿದ ಬೆಲೆಗೆ ಭತ್ತ ಮಾರಬೇಕು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮುಂತಾದವರ ಮುಂದಾಳತ್ವದಲ್ಲಿ ರೈತರು ಸುಳ್ಯದಿಂದ ಹೊರಟು ಮಂಗಳೂರಿಗೆ ಬಂದರು. ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದು ಏರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಹೊರಗಿನಿಂದ ಸೈನ್ಯ ಬಂತು, ಮುಂದಾಳುಗಳಿಗೆ ನೇಣು ಆಯಿತು. 1857ಕ್ಕಿಂತ 20 ವರ್ಷ ಮೊದಲಿನ ಕತೆ ಇದು. ಆದರೂ ತುಂಬಾ ಕಾಲ ಇದನ್ನು ನಮ್ಮವರೇ 'ಕಲ್ಯಾಣಪ್ಪನ ಕಾಟಕಾಯಿ' ಎಂದು ಕರೆದರು. ಸುಲಿಗೆ, ದೊಂಬಿ ಎಂಬ ಅರ್ಥ ಬರುವ ಹೆಸರು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ. ಗೆದ್ದವರು ಇಟ್ಟ ಹೆಸರನ್ನು ನಮ್ಮ ಬಾಯಿಂದ ತೆಗೆಯಲು 185 ವರ್ಷ ಬೇಕಾಯಿತು ನೋಡಿ. ಇದು ನನಗೆ ತುಂಬಾ ನೋವಿನ ಸಂಗತಿ.

1947ರಿಂದ 1974ರ ತನಕ

ಹಾಗಾದರೆ 1947 ಏನೂ ಕೊಡಲಿಲ್ಲವಾ? ಹಾಗೆ ಹೇಳಿದರೆ ದೊಡ್ಡ ತಪ್ಪಾಗುತ್ತದೆ. ಕಾರ್ನಾಡ್ ಸದಾಶಿವ ರಾವ್ ತಮ್ಮ ಆಸ್ತಿಯನ್ನೆಲ್ಲ ಹೋರಾಟಕ್ಕೆ ಸುರಿದು, 1937ರ ಜನವರಿಯಲ್ಲಿ ಮುಂಬೈಯಲ್ಲಿ ಕೈಯಲ್ಲಿ ಏನೂ ಇಲ್ಲದೆ ತೀರಿಹೋದರು. ನಾವು ಬಟ್ಟೆ, ಮೊಬೈಲ್ ಕೊಳ್ಳಲು ಹೋಗುವ ಕೆ. ಎಸ್. ರಾವ್ ರಸ್ತೆ ಅವರ ಹೆಸರಿನದ್ದು. ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1930ರಲ್ಲಿ ಹೆಂಗಸರೂ ಉಪ್ಪಿನ ಸತ್ಯಾಗ್ರಹಕ್ಕೆ ಇಳಿಯಲೇಬೇಕು ಎಂದು ಗಾಂಧೀಜಿಯವರನ್ನು ಒಪ್ಪಿಸಿ ಜೈಲಿಗೆ ಹೋದರು. ಇವರ ತ್ಯಾಗವನ್ನು ಸಣ್ಣದು ಮಾಡಲು ನನ್ನ ಅಜ್ಜಿಯೂ ಒಪ್ಪುತ್ತಿರಲಿಲ್ಲ.

1947 ಕೊಟ್ಟ ಎಲ್ಲಕ್ಕಿಂತ ದೊಡ್ಡ ವಸ್ತು ಓಟು. ಅದಕ್ಕೆ ಮೊದಲು ಓಟು ಇದ್ದದ್ದು ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ. ಅಂದರೆ ನಮ್ಮಲ್ಲಿ ಧಣಿಗಳಿಗೆ ಇತ್ತು, ಹೆಚ್ಚಿನ ಒಕ್ಕಲುಗಳಿಗೆ ಇರಲಿಲ್ಲ. 1952ರ ಚುನಾವಣೆಯಲ್ಲಿ 21 ತುಂಬಿದ ಎಲ್ಲರಿಗೂ ಓಟು ಬಂತು. ಆವತ್ತು ಧಣಿಗಳ ಮನೆಯವರೂ ಒಕ್ಕಲಿನವರೂ ಒಂದೇ ಸಾಲಿನಲ್ಲಿ ನಿಂತರು. ಸೌತ್ ಕೆನರಾದ ಎರಡು ಲೋಕಸಭಾ ಸೀಟುಗಳಿಂದ ಯು. ಶ್ರೀನಿವಾಸ ಮಲ್ಯ ಮತ್ತು ಬೆನಗಲ್ ನರಸಿಂಗ ರಾವ್ ಅವರ ತಮ್ಮ ಬಿ. ಶಿವ ರಾವ್ ಗೆದ್ದರು. ಯಾರಿಗೆ ಓಟು ಹಾಕಿದ್ದು ಎಂದು ಅಜ್ಜಿಗೆ ನೆನಪಿರಲಿಲ್ಲ. ಬೆರಳಿಗೆ ಹಚ್ಚಿದ ಶಾಯಿ ಎಷ್ಟು ತಿಕ್ಕಿದರೂ ಹೋಗಲಿಲ್ಲ ಎಂಬುದು ನೆನಪಿತ್ತು. ಓಟು ಬಂದ ಮೇಲೆ ಗೇಣಿಯ ಮಾತನ್ನು ವಿಧಾನಸಭೆಗೆ ಒಯ್ಯಲು ದಾರಿ ಆಯಿತು. ಹೊಟ್ಟೆಗೆ ಮಾತ್ರ ಇನ್ನೂ ಏನೂ ಬಂದಿರಲಿಲ್ಲ.

1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಪೂರ್ತಿ ಅಲ್ಲ. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ನಮ್ಮ ಕಲೆಕ್ಟರರ ಕೈಕೆಳಗೇ ಇದ್ದ ಅಮೀನಿದಿವಿ ದ್ವೀಪಗಳು ಈಗಿನ ಲಕ್ಷದ್ವೀಪದ ಪಾಲಾದವು. ಮದ್ರಾಸ್ ಸರ್ಕಾರ 1949ರಲ್ಲಿ ರಾಷ್ಟ್ರಕವಿ ಎಂದು ಕರೆದ ಗೋವಿಂದ ಪೈಗಳ ಮಂಜೇಶ್ವರ ಬೇರೆ ರಾಜ್ಯದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ಅದು ಹೇಳಿದಲ್ಲಿಗೇ ನಿಂತಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ, 100 ದಾಟಿ ತೀರಿಕೊಳ್ಳುವ ತನಕ ಆ ಆಸೆ ಬಿಡಲಿಲ್ಲ. ಗಡಿಯ ಈ ಕತೆ ಬೇರೆಯೇ ಒಂದು ಲೇಖನದಷ್ಟು ಉಂಟು, ಇಲ್ಲಿ ಬಿಡುತ್ತೇನೆ.

ಭೂಮಿಯ ಕಾನೂನು ಬರಲಿಲ್ಲ ಎಂದಲ್ಲ. ಮೈಸೂರು ಭೂಸುಧಾರಣಾ ಕಾಯ್ದೆ 1961ರದ್ದು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಆದರೆ ಸ್ವಂತ ಸಾಗುವಳಿಗೆ ಬೇಕು ಎಂದು ಧಣಿ ಭೂಮಿ ವಾಪಸು ಕೇಳಲು ಅದರಲ್ಲಿ ದಾರಿ ಇತ್ತು. ಕಾನೂನು ಬರುತ್ತದೆ ಎಂಬ ಸುದ್ದಿ ಮೊದಲು ಮುಟ್ಟುವುದು ಓದಿದವರಿಗೆ. ಬಾಯಿಮಾತಿನ ಗೇಣಿಯಲ್ಲಿದ್ದವರನ್ನು ಮೆಲ್ಲ ಎಬ್ಬಿಸಲು ಸಮಯವೂ ಸಿಕ್ಕಿತು. ನನ್ನ ಅಜ್ಜನ ಅಣ್ಣ ಒಂದು ಗದ್ದೆ ಬಿಟ್ಟುಕೊಟ್ಟದ್ದು ಆ ವರ್ಷಗಳಲ್ಲೇ.

ಡಿಕ್ಲರೇಷನ್

ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಕಾಯ್ದೆಗೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಸುರತ್ಕಲ್‌ನ ಬಿ. ಸುಬ್ಬಯ್ಯ ಶೆಟ್ಟಿ ಭೂಸುಧಾರಣೆಯ ಮಂತ್ರಿಯಾಗಿ ಅದನ್ನು ನಡೆಸಿದರು. ಬಿ. ವಿ. ಕಕ್ಕಿಲ್ಲಾಯರಂಥ ಎಡಪಕ್ಷದವರು ಹೊರಗೂ ವಿಧಾನಸಭೆಯ ಒಳಗೂ ಗೇಣಿದಾರರ ಪರ ಗಟ್ಟಿಯಾಗಿ ನಿಂತರು.

ಈ ಕಾನೂನು ಕೆಲಸ ಮಾಡಿದ ರೀತಿ ಸ್ವಲ್ಪ ಗಮನ ಕೊಟ್ಟು ನೋಡಬೇಕಾದದ್ದು. ಧಣಿಯಿಂದ ಕಿತ್ತು ಒಕ್ಕಲಿಗೆ ಕೊಡುವುದು ಎಂದು ನಾವು ಸುಲಭಕ್ಕೆ ಹೇಳುತ್ತೇವೆ. ಹಾಗಲ್ಲ. ಆ ಒಂದು ದಿನಾಂಕಕ್ಕೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಮೊದಲು ಸರ್ಕಾರದ್ದಾಯಿತು. ಧಣಿಗೂ ಒಕ್ಕಲಿಗೂ ಇದ್ದ ಸಂಬಂಧ ಅಲ್ಲಿಗೆ ಕಡಿಯಿತು. ಆಮೇಲೆ ಉಳುತ್ತಿದ್ದವನು ಸರ್ಕಾರಕ್ಕೆ ಅರ್ಜಿ ಹಾಕಿ ಹಕ್ಕು ಕೇಳಬೇಕು. ಧಣಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಇದರಿಂದ ಏನಾಯಿತು ಅಂದರೆ, ಒಕ್ಕಲು ಧಣಿಯ ಎದುರು ನಿಂತು "ನನಗೆ ಕೊಡಿ" ಎಂದು ಕೇಳಬೇಕಾಗಿರಲಿಲ್ಲ. ಕೇಳಬೇಕಾದದ್ದು ಸರ್ಕಾರವನ್ನು. ತಲೆಮಾರುಗಳಿಂದ ತಲೆ ತಗ್ಗಿಸಿ ನಿಂತವರಿಗೆ ಇದು ಎಷ್ಟು ದೊಡ್ಡ ಧೈರ್ಯ ಎಂದು ಈಗ ಊಹಿಸುವುದು ಕಷ್ಟ.

ಅರ್ಜಿ 7ನೇ ನಂಬರಿನ ನಮೂನೆ. ನಮ್ಮ ಕಡೆ ಅದಕ್ಕೆ ಡಿಕ್ಲರೇಷನ್ ಕೊಡುವುದು ಎಂದೇ ಹೆಸರಾಯಿತು. ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಂದವು. ಗೇಣಿ ತುಂಬಿದ್ದ ನಮ್ಮ ಜಿಲ್ಲೆಯ ಪಾಲು ಅದರಲ್ಲಿ ದೊಡ್ಡದು. ವಿಚಾರಣೆ ಕೋರ್ಟಿನಲ್ಲಿ ಅಲ್ಲ, ಭೂ ನ್ಯಾಯಮಂಡಳಿಯಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ಊರಿನವರು ಸದಸ್ಯರು. ಮೊದಲಿಗೆ ವಕೀಲರು ಬರುವ ಹಾಗೇ ಇರಲಿಲ್ಲ. ಯಾಕೆ ಅಂದರೆ ದುಡ್ಡಿದ್ದವನಿಗೆ ಒಳ್ಳೆಯ ವಕೀಲ ಸಿಗುತ್ತಾನೆ, ಒಕ್ಕಲಿಗೆ ಸಿಗುವುದಿಲ್ಲ. ಗೇಣಿ ಚೀಟು ಇದ್ದವರು ಅದನ್ನು ತಂದರು. ಇಲ್ಲದವರು ಅಕ್ಕಪಕ್ಕದ ಗದ್ದೆಯವರನ್ನು ಸಾಕ್ಷಿಗೆ ಕರೆದರು.

ನಮ್ಮ ಅಜ್ಜನ ಹತ್ತಿರ ಚೀಟು ಇರಲಿಲ್ಲ. ಸಾಕ್ಷಿ ಹೇಳಲು ಬರುತ್ತೇನೆ ಎಂದವರಲ್ಲಿ ಒಬ್ಬರು ಹಿಂದಿನ ರಾತ್ರಿ ಬೇಡ ಎಂದರು. ಅವರದ್ದೂ ಧಣಿಗಳ ಮನೆಯ ಅನ್ನವೇ. ಕೊನೆಗೆ ಮಂಡಳಿಯ ಎದುರು ಮಾತಾಡಿದ್ದು ಅಜ್ಜಿ. ಯಾವ ಗದ್ದೆಗೆ ಯಾವ ಬದಿಯಿಂದ ನೀರು ಬರುತ್ತದೆ, ಮಳೆಗಾಲದ ಏಣೆಲು ಬೆಳೆಗೆ ಎಷ್ಟು ಬೀಜ, ಸುಗ್ಗಿ ಬೆಳೆಗೆ ಎಷ್ಟು, ಗದ್ದೆಯ ಬದುವಾದ ಯಾವ ಹುಣಿಯಲ್ಲಿ ಏಡಿ ತೂತು ಮಾಡುತ್ತದೆ ಎಂದು ಒಂದೊಂದೇ ಹೇಳಿದರಂತೆ. ಗದ್ದೆಯಲ್ಲಿ ನಿಲ್ಲದವರಿಗೆ ಇದೆಲ್ಲ ಗೊತ್ತಿರುವುದಿಲ್ಲ ಅಲ್ವಾ? ಸ್ವಲ್ಪ ಸಮಯದ ನಂತರ ಆರ್ಡರ್ ಆಯಿತು. ಆಮೇಲೆ 10ನೇ ನಮೂನೆಯ ಸರ್ಟಿಫಿಕೇಟು ಬಂತು. ಅದು ಬಂದ ದಿನ ಅಜ್ಜಿ ಪಾಯಸ ಮಾಡಿದರು.

ಆಮೇಲೆ ಆದದ್ದನ್ನು ನನ್ನ ಕಣ್ಣಿನಿಂದಲೇ ನೋಡಬಹುದು. ಮುಂದಿನ ವರ್ಷ ಎಬ್ಬಿಸಿಯಾರು ಎಂಬ ಹೆದರಿಕೆ ಇದ್ದವನು ಅಡಿಕೆ ಗಿಡ ನೆಡುವುದಿಲ್ಲ. ಅದು ಫಸಲು ಕೊಡಲು ಐದಾರು ವರ್ಷ ಬೇಕು. ತೆಂಗಿಗೂ ಹಾಗೇ. ಬಾವಿ ತೋಡುವುದಿಲ್ಲ, ಮನೆಗೆ ಹಂಚು ಹಾಕುವುದಿಲ್ಲ. ಸಾಗುವಳಿದಾರನಿಗೆ ಭೂಮಿ ಕೊಟ್ಟರೆ ಬೆಳೆ ಯಾಕೆ ಬದಲಾಗುತ್ತದೆ ಎಂದು ದೊಡ್ಡ ದೊಡ್ಡ ಪುಸ್ತಕಗಳು ವಿವರಿಸುತ್ತವೆ. ನಮ್ಮ ಅಜ್ಜಿಯ ತೋಟವೇ ನನಗೆ ಸಾಕು. ಸರ್ಟಿಫಿಕೇಟು ಬಂದ ಮೊದಲ ಮಳೆಗಾಲದಲ್ಲೇ ಅಜ್ಜ ಅಡಿಕೆ ಸಸಿ ಇಟ್ಟರು. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಶುರುವಾಗಿತ್ತು, ಅಡಿಕೆಗೆ ಒಂದು ನಂಬಿಕೆಯ ಮಾರುಕಟ್ಟೆ ಇತ್ತು. ಪಹಣಿಯಲ್ಲಿ ಹೆಸರಿದ್ದರೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ. ನನ್ನ ಅಮ್ಮ ಹೈಸ್ಕೂಲು ಮುಗಿಸಿದ್ದು ಆ ತೋಟದ ದುಡ್ಡಿನಲ್ಲಿ. ನಾನು ಶಾಲೆಯ ಪುಸ್ತಕ ಹಿಡಿದು ಬಂದು ಕೂತಾಗ ಅಜ್ಜಿ ಸುಲಿಯುತ್ತಿದ್ದ ಅಡಿಕೆ ಅದೇ ತೋಟದ್ದು.

ಕೈ ತಪ್ಪಿದವರು

ಇನ್ನೊಂದು ಬದಿಯನ್ನೂ ಹೇಳದಿದ್ದರೆ ನ್ಯಾಯ ಆಗುವುದಿಲ್ಲ. ಧಣಿಗಳೆಲ್ಲ ದೊಡ್ಡ ಗುತ್ತಿನ ಮನೆಯವರಲ್ಲ. ಗಂಡ ತೀರಿಕೊಂಡು, ಇದ್ದ ಒಂದೆರಡು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಉಣ್ಣುತ್ತಿದ್ದ ಹೆಂಗಸರು ಇದ್ದರು. ಅವರದ್ದೂ ಹೋಯಿತು. ಸೈನ್ಯದಲ್ಲಿ, ಹಡಗಿನಲ್ಲಿ ಕೆಲಸ ಮಾಡುವವರಿಗೆ ಕಾನೂನು ವಿನಾಯಿತಿ ಇಟ್ಟಿತು, ಇವರಿಗೆ ಇಡಲಿಲ್ಲ. ಅದು ತಪ್ಪು ಎಂದೇ ನಾನು ಹೇಳುತ್ತೇನೆ. ಉಡುಪಿಯ ಮಠಗಳ, ಊರ ದೇವಸ್ಥಾನಗಳ ಗೇಣಿ ಭೂಮಿಯೂ ಹೋಯಿತು. ದೇವಸ್ಥಾನಗಳಿಗೆ ಅದರ ಬದಲು ಸರ್ಕಾರದಿಂದ ಬರುವ ತಸ್ತೀಕು ದೀಪದ ಎಣ್ಣೆಗೂ ಸಾಲುವುದಿಲ್ಲ ಎಂದು ಅರ್ಚಕರು ಹೇಳುವುದನ್ನು ಕೇಳಿದ್ದೇನೆ. ಭೂಮಿ ಹೋದ ಮನೆಗಳ ಹುಡುಗರು ಎಷ್ಟೋ ಜನ ಮುಂಬೈಯ ಹೋಟೆಲುಗಳಿಗೆ ಬಸ್ಸು ಹತ್ತಿದರು.

ಅವರಿಗಿಂತಲೂ ದೂರ ಉಳಿದವರು ಗೇಣಿಯೂ ಇಲ್ಲದವರು. ಗೇಣಿದಾರನ ಗದ್ದೆಯಲ್ಲಿ ಕೂಲಿಗೆ ಬರುತ್ತಿದ್ದ ದಲಿತ ಕುಟುಂಬಗಳ ಹೆಸರು ಯಾವ ಚೀಟಿನಲ್ಲೂ ಇರಲಿಲ್ಲ. ಆದ್ದರಿಂದ 'ಉಳುವವನೇ ಹೊಲದೊಡೆಯ' ಎಂಬ ಮಾತು ಅವರ ಹತ್ತಿರ ಬರಲಿಲ್ಲ. ನೇಗಿಲು ಹಿಡಿದದ್ದು ಅವರೇ ಆದರೂ. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಆ ಮನೆಯ ಅಡಿಯ ಜಾಗದ ಹಕ್ಕು ಸಿಕ್ಕಿತು, ಅಷ್ಟೇ. ಅಜ್ಜಿಯ ಜೊತೆ ನೇಜಿ ನೆಡಲು ಬರುತ್ತಿದ್ದವರು ಡಿಕ್ಲರೇಷನ್ ಆದ ಮೇಲೂ ಕೂಲಿಗೇ ಬಂದರು. ಇದನ್ನು ಕೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹೌದು, ಅವರಿಗೆ ಇನ್ನೂ ಬರಲಿಲ್ಲ," ಅಂದರು.

ನಮ್ಮ ಕರಾವಳಿಯ ಆದಿವಾಸಿಗಳಾದ ಕೊರಗರ ವಿಷಯ ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಬೇರೆಯವರ ಕೆಡುಕು ಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ ಅಜಲು ಎಂಬ ಪದ್ಧತಿ ಇತ್ತು. ಇದೂ ಬ್ರಿಟಿಷರು ತಂದದ್ದಲ್ಲ, ನಮ್ಮದೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ತೆಗೆದು ಹಾಕಿತ್ತು. ಆದರೂ ಅಜಲನ್ನು ಹೆಸರಿಟ್ಟು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಆ ಮನೆಯ ಒಬ್ಬ ಅಜ್ಜಿಯನ್ನು ಸ್ವಾತಂತ್ರ್ಯ ಯಾವಾಗ ಬಂತು ಎಂದು ಕೇಳಿದ್ದರೆ ಯಾವ ಇಸವಿ ಹೇಳುತ್ತಿದ್ದರೋ.

ಹಳೆಯ ಕಾನೂನು ಸ್ವತಂತ್ರ ಭಾರತದ ಕೈಯಲ್ಲಿ ನಮ್ಮವರ ಮೇಲೇ ಬಿದ್ದದ್ದೂ ಉಂಟು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟಲು 1960ರ ದಶಕದಲ್ಲಿ ಜನರನ್ನು ಎಬ್ಬಿಸಿದರು. ಕಾಟಿಪಳ್ಳ, ಕೃಷ್ಣಾಪುರದ ಕಡೆ ಅವರಿಗೆ ಜಾಗ ಕೊಟ್ಟರು. ಆಗ ದೇಶದಲ್ಲಿ ಭೂಸ್ವಾಧೀನಕ್ಕೆ ಇದ್ದ ಮೂಲ ಕಾನೂನು ಬ್ರಿಟಿಷರು 1894ರಲ್ಲಿ ಮಾಡಿದ್ದು. ಸಾರ್ವಜನಿಕ ಉದ್ದೇಶ ಎಂದು ಸರ್ಕಾರ ಹೇಳಿದರೆ ಮುಗಿಯಿತು, ಬೇಡ ಎನ್ನುವ ಹಕ್ಕು ಜಾಗದವನಿಗೆ ಇಲ್ಲ. ಅದು ಹೋಗಿ ಹೊಸ ಕಾನೂನು ಜಾರಿಗೆ ಬಂದದ್ದು 2014ರ ಜನವರಿ 1ಕ್ಕೆ.

ಊರಿನಲ್ಲಿ ಇನ್ನೂ ಇರುವ ಗೇಣಿ

1974ರ ಕಾನೂನು ಕೃಷಿ ಭೂಮಿಗೆ. ಮಂಗಳೂರು ಪೇಟೆಯ ಮನೆ ಜಾಗಗಳಿಗೆ ಅದು ಸೇರಲಿಲ್ಲ. ಆದ್ದರಿಂದ ನಗರದ ಒಳಗೆ ಮೂಲಗೇಣಿಯ ಮನೆಗಳು ಇನ್ನೂ ಇವೆ. ಎಷ್ಟೋ ಹಿಂದೆ ಗಟ್ಟಿ ಮಾಡಿದ ನಾಲ್ಕಾರು ರೂಪಾಯಿ ಗೇಣಿ ಇವತ್ತಿಗೂ ವರ್ಷ ವರ್ಷ ಕಟ್ಟುತ್ತಾರೆ. ಮನೆ ಇವರದ್ದು, ನೆಲ ಮೂಲಿದಾರರದ್ದು, ಅಂದರೆ ಮೂಲ ಒಡೆಯರದ್ದು. ಮಾರುವಾಗ, ಬ್ಯಾಂಕಿಗೆ ಹೋಗುವಾಗ ಅವರ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಈ ಗೇಣಿದಾರರು ನಿಗದಿ ಮಾಡಿದ ಮೊತ್ತ ಕಟ್ಟಿ ಒಡೆಯರಾಗಬಹುದು ಎಂದು ಸರ್ಕಾರ 2011ರ ಹೆಸರಿನಲ್ಲಿ ಒಂದು ಕಾಯ್ದೆ ತಂದಿತು. ಮೂಲಿದಾರರು ಕೋರ್ಟಿಗೆ ಹೋದರು.

ನಾನು ಮದುವೆಯಾಗಿ ಬಂದ ಮನೆ ಅಂಥದ್ದು. ಒಮ್ಮೆ ಅಜ್ಜಿ ಬಂದು ನಾಲ್ಕು ದಿನ ಉಳಿದಿದ್ದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಕಪಾಟು ಒರೆಸುವಾಗ ಗೇಣಿ ಕಟ್ಟಿದ ರಶೀದಿ ಕೈಗೆ ಸಿಕ್ಕಿತು. ಅಜ್ಜಿಗೆ ಅಕ್ಷರ ಬಾರದು. ಏನು ಕಾಗದ ಎಂದು ಕೇಳಿದರು. ಹೇಳಿದೆ. ಅವರು ಅದನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ನನ್ನ ಮುಖ ನೋಡಿದರು.

"ನಿಮಗೆ ಇನ್ನೂ ಡಿಕ್ಲರೇಷನ್ ಆಗ್ಲಿಲ್ವಾ ಮಗಾ?"